ಮಿಠಾಯಿ ವೇಷದ ಗಾಂಜಾ

2025ರ ಆರಂಭದಲ್ಲಿ ಮಾದಕವಸ್ತು ನಿಯಂತ್ರಣ ಬ್ಯೂರೊ ನವಿ ಮುಂಬಯಿಯಲ್ಲಿ ಹಿಡಿದ ಮಾಲಿನಲ್ಲಿ ಹನ್ನೊಂದೂವರೆ ಕಿಲೊ ಕೊಕೇನ್ ಇತ್ತು. ಮೊದಲು ಕಣ್ಣಿಗೆ ಬೀಳುವುದು ಅದೇ. ಆದರೆ ಹೆತ್ತವರು ಗಮನಿಸಬೇಕಾದದ್ದು ಅದರ ಜೊತೆಗಿದ್ದ 200 ಪೊಟ್ಟಣಗಳನ್ನು. ಅವುಗಳಲ್ಲಿದ್ದದ್ದು ಗಾಂಜಾ ಬೆರೆಸಿದ ಗಮ್ಮಿ, ಮಕ್ಕಳು ಜಗಿಯುವ ಮೆತ್ತನೆಯ ಮಿಠಾಯಿಯ ರೂಪದಲ್ಲೇ. ತೂಕ ಐದೂವರೆ ಕಿಲೊ.

ಮುಂಬಯಿ ಹೊರವಲಯದ ಕಲ್ಯಾಣ್ ಜಂಕ್ಷನ್‌ನ ರೈಲ್ವೆ ಪೊಲೀಸರಿಗೆ ಗೊತ್ತಿರುವ ಗಾಂಜಾ ಬೇರೆ. ಒಡಿಶಾ, ಆಂಧ್ರದ ಕಡೆಯಿಂದ ಬರುವ ರೈಲುಗಳಲ್ಲಿ, ಬಟ್ಟೆಬರೆಯ ಅಡಿಯಲ್ಲಿ, ವಾಸನೆ ಹೊರಬೀಳದಂತೆ ಟೇಪು ಸುತ್ತಿದ ಕಟ್ಟು ಅದು. 1985ರ ಮಾದಕವಸ್ತು ತಡೆ ಕಾಯ್ದೆಯ (ಎನ್‌ಡಿಪಿಎಸ್) ಪ್ರಕಾರ ಒಂದು ಕಿಲೊವರೆಗೆ ಸಣ್ಣ ಪ್ರಮಾಣ. 20 ಕಿಲೊ ಮೀರಿದರೆ ಕನಿಷ್ಠ ಹತ್ತು ವರ್ಷ ಜೈಲು.

‘ಭಂಗಿ ಸೊಪ್ಪಿಗೆ ಇಷ್ಟು ರಂಪ ಏಕೆ?’ ಎಂದು ಕೇಳುವವರು ಪಕ್ಕದ ಡೊಂಬಿವಲಿಯ ಕನ್ನಡಿಗರಲ್ಲೂ ಸಿಗುತ್ತಾರೆ. ಉತ್ತರ ಕರ್ನಾಟಕದ ತಿಂಥಣಿ ಮೌನೇಶ್ವರ ಜಾತ್ರೆಯ ಚಿಲುಮೆ ಅವರಿಗೆ ನೆನಪಾಗುತ್ತದೆ. ಮಿತವಾಗಿ ಸೇದಿದರೆ ಅಂಥ ಹಾನಿಯಿಲ್ಲ ಎಂದು 1894ರಲ್ಲಿ ಬ್ರಿಟಿಷ್ ಸರ್ಕಾರದ ಆಯೋಗವೇ ಹೇಳಿತ್ತು, ನಿಜ. ಇಂದಿನ ಕಾಯ್ದೆಯೂ ಬರೀ ಎಲೆಯನ್ನು ಗಾಂಜಾ ಎನ್ನುವುದಿಲ್ಲ. ಆದರೆ ಆ ಆಯೋಗದವರು ದೀಪದ ಬೆಳಕಲ್ಲಿ, ಮಣ್ಣಿಲ್ಲದೆ ಬೆಳೆಸುವ ಇಂದಿನ ಹೈಡ್ರೊಪೋನಿಕ್ ಗಾಂಜಾ ಕಂಡವರಲ್ಲ. ಪಶ್ಚಿಮದ ಮಾರುಕಟ್ಟೆಯಲ್ಲಿ ಅಮಲಿನ ಅಂಶವಾದ ಟಿಎಚ್‌ಸಿ ಮೂರು ದಶಕಗಳಲ್ಲಿ ಹಲವು ಪಟ್ಟು ಏರಿದೆ. ಇಂಥ ಕಡು ಮಾಲನ್ನು ದಿನವೂ ಸೇದುವವರಲ್ಲಿ ತೀವ್ರ ಮನೋವಿಕಾರದ ಸಂಭವ ಸೇದದವರಿಗಿಂತ ಸುಮಾರು ಐದು ಪಟ್ಟು ಎಂದು 2019ರಲ್ಲಿ ಯುರೋಪಿನ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು.

ಗಾಂಜಾ ಮಾರಾಟಕ್ಕೆ ಕಾನೂನು ಒಪ್ಪಿ ಅಂಗಡಿ ತೆರೆದ ಮೇಲೆ ವ್ಯಾಪಾರಿಗೆ ಬೇಕಾದವನು ಹಬ್ಬಕ್ಕೊಮ್ಮೆ ಬರುವ ಗಿರಾಕಿಯಲ್ಲ. ಕೆನಡಾದಲ್ಲಿ ಒಟ್ಟು ಬಳಕೆಯ ಮೂರನೇ ಎರಡರಷ್ಟು, ಅತಿ ಹೆಚ್ಚು ಬಳಸುವ ಹತ್ತರಲ್ಲೊಬ್ಬನದು. ಅಲ್ಲಿ 2018ರಲ್ಲಿ ಮಾರಾಟ ಕಾನೂನುಬದ್ಧವಾಯಿತು. ಗಾಂಜಾ ಮಿಠಾಯಿಗೆ ಅನುಮತಿ ಕೊಟ್ಟ ಪ್ರಾಂತ್ಯಗಳಲ್ಲಿ ಗಾಂಜಾ ವಿಷವೇರಿ ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಸಂಖ್ಯೆ, ನಿಷೇಧಿಸಿದ ಕ್ವಿಬೆಕ್‌ಗಿಂತ ಬಹಳ ಹೆಚ್ಚು ಏರಿತು. 2022ರಲ್ಲಿ ಬಾಗಿಲು ತೆರೆದ ಥಾಯ್ಲೆಂಡ್ ಮೂರೇ ವರ್ಷಕ್ಕೆ ವೈದ್ಯರ ಚೀಟಿ ಕಡ್ಡಾಯ ಮಾಡಿತು.

ಅಪಾಯ ಮನೆಗಷ್ಟೇ ಅಲ್ಲ, ಕೆಲಸದ ಜಾಗಕ್ಕೂ ಇದೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. ಕುಡಿದು ಬಂದವನನ್ನು ಗೇಟಿನಲ್ಲಿ ಯಂತ್ರಕ್ಕೆ ಊದಿಸಿ ತಡೆಯಬಹುದು. ಗಾಂಜಾ ಸೇದಿದವನ ಅಮಲನ್ನು ಹಾಗೆ ಕರಾರುವಾಕ್ಕಾಗಿ ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಹಾಗೆಂದು ಕಾಲೇಜು ಹುಡುಗನನ್ನು ಜೈಲಿಗೆ ಅಟ್ಟಿದರೆ ಅವನ ಬದುಕು ಅಲ್ಲಿಗೇ ಕೆಡುತ್ತದೆ. ಗಾಂಜಾ ಪರ ವಾದಿಸುವವರ ಈ ಮಾತು ಒಪ್ಪತಕ್ಕದ್ದೇ. ಆದರೆ ಅವನನ್ನು ಉಳಿಸಲು ಗಾಂಜಾ ಅಂಗಡಿ ತೆರೆಯಬೇಕಿಲ್ಲ. ಸಣ್ಣ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ಪಾರಾಗಲು ಕಾಯ್ದೆಯ 64ಎ ಕಲಮು ದಾರಿ ಕೊಟ್ಟಿದೆ. ಮನೆಯಲ್ಲಿ ಮಗನ ನಡವಳಿಕೆ ಬದಲಾದದ್ದು ಕಂಡರೆ ಥಾಣೆಯ ಸರ್ಕಾರಿ ಮನೋರೋಗ ಆಸ್ಪತ್ರೆಯಿದೆ. ನೆರೆಯವರು ಏನೆಂದಾರು ಎಂದು ಅಲ್ಲಿಗೆ ಹೋಗಲು ಹಿಂಜರಿಯುವವರು ಮೊದಲು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಲಿ. ಕರೆಗೆ ಶುಲ್ಕವಿಲ್ಲ.