ಕೆಂಪು ನೀರೂ ಗಡಸು ನೀರೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಬೋರ್‌ವೆಲ್ಲಿನ ನೀರಿನಿಂದ ಬಚ್ಚಲಿನ ನೆಲ ಕೆಂಪಾಗಿ, ಒಗೆದ ಬಿಳಿಯ ಪಂಚೆಗೆ ತುಕ್ಕಿನ ಕಲೆ ಹತ್ತಿತೆಂದರೆ, ಅದು ಗಡಸು ನೀರೆಂದೂ, ನೀರನ್ನು ಮೆದುಗೊಳಿಸುವ ಯಂತ್ರವೊಂದನ್ನು ಕೂಡಿಸಿದರೆ ಎಲ್ಲವೂ ನೇರ್ಪಡುವುದೆಂದೂ ಭಾವಿಸುವವರುಂಟು. ಈ ಭಾವನೆ ತಪ್ಪು, ದುಬಾರಿಯೂ ಹೌದು. ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣ. ಕೆಂಪಿಗೆ ಕಾರಣ ಕಬ್ಬಿಣ. ವರ್ಷಕ್ಕೆ 2,000 ಮಿ.ಮೀ. ಮೀರಿ ಸುರಿಯುವ ಮಳೆಯು ಯುಗಯುಗಾಂತರಗಳಿಂದ ಈ ಘಟ್ಟದ ನೆಲದ ಸುಣ್ಣದಂಶವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳನ್ನು ಜಂಬಿಟ್ಟಿಗೆಯ ರೂಪದಲ್ಲಿ ಉಳಿಸಿರುವುದರಿಂದ, ಯಾಣದಂತಹ ಸುಣ್ಣಶಿಲೆಯ ಎಡೆಗಳನ್ನು ಬಿಟ್ಟರೆ, ಇಲ್ಲಿನ ತೆರೆದ ಬಾವಿಯ ನೀರೂ, ಗುಡ್ಡದಿಂದ ಅಡಕೆಮರದ ದಂಬೆಯಲ್ಲಿ ಹರಿದುಬರುವ ಅಬ್ಬಿಯ ನೀರೂ ಸಾಮಾನ್ಯವಾಗಿ ಮೆದುವೇ.

ಸಂದೇಹವುಳ್ಳವರು ಅರ್ಧ ಬಾಟಲಿ ನೀರಿಗೆ ಸಾಬೂನಿನ ಚೂರೊಂದನ್ನು ಹಾಕಿ ಕುಲುಕಿ ನೋಡಲಿ: ನೊರೆಯುಕ್ಕಿ ನಿಂತರೆ ನೀರು ಮೆದು, ನೊರೆಯೇಳದೆ ಮೊಸರೊಡೆದಂತಹ ಬಿಳಿಯ ಗಸಿ ತೇಲಿದರೆ ಗಡಸು. (ಡಿಟರ್ಜೆಂಟ್ ಪುಡಿ ಈ ಪರೀಕ್ಷೆಗೆ ಸಲ್ಲದು, ಗಡಸು ನೀರಿನಲ್ಲಿಯೂ ಅದು ನೊರೆಗೊಡುತ್ತದೆ.) ಕಬ್ಬಿಣದ ನೀರಾದರೋ, ಮೇಲೆತ್ತಿದ ಕ್ಷಣದಲ್ಲಿ ತಿಳಿಯಾಗಿದ್ದು, ರಾತ್ರಿ ಕೊಡದಲ್ಲಿಟ್ಟರೆ ಗಾಳಿಯ ಆಮ್ಲಜನಕ ಸೋಕಿ, ಬೆಳಗಾಗುವಷ್ಟರಲ್ಲಿ ಕೆಂಪು ಗಸಿಯಾಗಿ ತಳಕ್ಕಿಳಿದಿರುತ್ತದೆ. ಈ ಗಸಿಯೇ ಮೆದುಗೊಳಿಸುವ ಯಂತ್ರದೊಳಗಿನ ರೆಸಿನ್ ಎಂಬ ಮಣಿಗಳಿಗೆ ಮೆತ್ತಿಕೊಂಡು ಅವನ್ನು ಕೆಡಿಸುವುದರಿಂದ, ನೀರನ್ನು ಎತ್ತರದಿಂದ ಧುಮುಕಿಸಿ, ಗಾಳಿಯಾಡಿಸಿ, ನಿಲ್ಲಿಸಿ, ಮರಳಿನಲ್ಲಿ ಸೋಸುವುದೇ ಮೊದಲ ಉಪಾಯ.

ರೆಸಿನ್ ಎಂದರೆ ಕಲ್ಮಷವನ್ನು ತಡೆಯುವ ಸೂಕ್ಷ್ಮವಾದ ಜರಡಿ ಎಂದು ತಿಳಿದವರೇ ಬಹಳ. ಅಲ್ಲಿ ನಡೆಯುವುದು ವಿನಿಮಯ. ಸಾಸಿವೆಗಿಂತ ಕಿರಿದಾದ ಪಾಲಿಸ್ಟೈರೀನ್ ಮಣಿಯು ತಾನು ಹಿಡಿದಿದ್ದ ಎರಡು ಸೋಡಿಯಂ ಅಯಾನುಗಳನ್ನು ನೀರಿಗೆ ಬಿಟ್ಟು, ಒಂದು ಕ್ಯಾಲ್ಸಿಯಂ ಅಯಾನನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಮಣಿಗಳ ಸೋಡಿಯಂ ತೀರಿದಾಗ ಗಟ್ಟಿಯಾದ ಉಪ್ಪುನೀರನ್ನು ಹಾಯಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಈ ತತ್ತ್ವವನ್ನು ಮನುಷ್ಯನು ಮೊದಲು ಕಂಡುದು ಹೊಲದ ಮಣ್ಣಿನಲ್ಲಿ. ಅಮೋನಿಯಂ ಸಲ್ಫೇಟಿನ ದ್ರಾವಣವನ್ನು ಮಣ್ಣಿನ ಮೂಲಕ ಹಾಯಿಸಿದ ಇಂಗ್ಲೆಂಡಿನ ಕೃಷಿಕ ಥಾಮ್ಸನ್ನನು, ಅಮೋನಿಯಾ ಮಣ್ಣಿನಲ್ಲಿಯೇ ನಿಂತು ಜಿಪ್ಸಂ ಹೊರಬಂದುದನ್ನು ನೋಡಿದನು. ರಸಾಯನಜ್ಞ ವೇ ಎಂಬಾತನು 1850ರಲ್ಲಿ ಇದರ ವಿವರವನ್ನು ಪ್ರಕಟಿಸಿದನು. ಆಡಮ್ಸ್ ಮತ್ತು ಹೋಮ್ಸ್ ಕೃತಕ ರೆಸಿನ್ನನ್ನು ತಯಾರಿಸಿದುದು 1935ರಷ್ಟು ಈಚೆಗೆ. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು ದರಕುಗಳನ್ನು ಕೊಟ್ಟಿಗೆಯಲ್ಲಿ ಹಾಸಿ, ಕೊಳೆಸಿ, ಅಡಕೆಯ ಬುಡಕ್ಕೆ ನಮ್ಮ ತೋಟಿಗರು ಹಾಕುತ್ತ ಬಂದ ಗೊಬ್ಬರವೂ, ಪೊಟ್ಯಾಸಿಯಂ ಕ್ಯಾಲ್ಸಿಯಂಗಳನ್ನು ಮಳೆಗೆ ಕೊಚ್ಚಿಹೋಗಗೊಡದೆ ಹಿಡಿದು ಬೇರಿಗೆ ಒಪ್ಪಿಸುವುದು ಇದೇ ವಿನಿಮಯದಿಂದ.

ಯಂತ್ರಕ್ಕೆ ಸುರಿದ ಉಪ್ಪೆಲ್ಲ ಕುಡಿಯುವ ನೀರಿಗೆ ಸೇರುವುದೆಂಬ ಭೀತಿಯೂ ನಿರಾಧಾರವಾದುದು. ಉಪ್ಪುನೀರು ಚರಂಡಿಗೆ ಹೋಗುತ್ತದೆ. ನೀರಿಗೆ ಸೇರುವುದು, ಲೀಟರಿಗೆ 100 ಮಿ.ಗ್ರಾಂ. ಗಡಸುತನ ಕಳೆದಲ್ಲಿ, ಸುಮಾರು 46 ಮಿ.ಗ್ರಾಂ. ಸೋಡಿಯಂ ಮಾತ್ರ. ಆದರೆ ಆ ಚರಂಡಿಯ ಬಾಯಿ ತೋಟದ ಕಡೆಗಿರಬಾರದು.

ಆಷಾಢದ ಗಾಳಿಮಳೆಗೆ ವಿದ್ಯುತ್ತು ಹೋಗಿ ಇನ್ವರ್ಟರೇ ಗತಿಯಾಗುವ ಈ ಸೀಮೆಯಲ್ಲಿ, ಅಬ್ಬಿಯ ನೀರು ಸ್ಫಟಿಕದಂತಿದೆಯೆಂದು ಅದನ್ನೇ ಬ್ಯಾಟರಿಗೆ ಹೊಯ್ಯುವವರಿದ್ದಾರೆ. ಮೆದು ನೀರೂ ಲವಣರಹಿತವಲ್ಲ. ಬ್ಯಾಟರಿಗೆ ಬೇಕಾದ ಅಯಾನುರಹಿತ ಜಲವನ್ನು ಪಡೆಯಲು ಎರಡು ಬಗೆಯ ರೆಸಿನ್ನುಗಳು ಬೇಕು: ಒಂದು ಕ್ಯಾಲ್ಸಿಯಂ, ಸೋಡಿಯಂ, ಕಬ್ಬಿಣಗಳನ್ನು ಹಿಡಿದು ಹೈಡ್ರೋಜನ್ ಅಯಾನನ್ನೂ, ಇನ್ನೊಂದು ಕ್ಲೋರೈಡ್, ಸಲ್ಫೇಟುಗಳನ್ನು ಹಿಡಿದು ಹೈಡ್ರಾಕ್ಸಿಲ್ ಅಯಾನನ್ನೂ ಬಿಡಲು, ಅವೆರಡೂ ಕೂಡಿ ನೀರೇ ಆಗುತ್ತವೆ. ಇಂತಹ ಜಲವು ಪರಿಶುದ್ಧವಾದುದರಿಂದ ಕುಡಿಯಲೂ ಶ್ರೇಷ್ಠವೆಂದು ಬಗೆಯುವುದು ಸರಿಯಲ್ಲ. ವಿದ್ಯುದಂಶವಿಲ್ಲದ ಕೀಟನಾಶಕಗಳನ್ನಾಗಲಿ, ರೋಗಾಣುಗಳನ್ನಾಗಲಿ ಕಳೆಯುವ ಹೊಣೆ ರೆಸಿನ್ನಿನದಲ್ಲ, ಮಣಿಗಳ ಹಾಸಿನಲ್ಲಿಯೇ ಅಣುಜೀವಿಗಳು ಬೆಳೆಯುವುದೂ ಉಂಟು. ಮಳೆಗಾಲದಲ್ಲಿ ಬಾವಿಯ ನೀರು ಕದಡಿದಾಗ ಅದನ್ನು ಬಟ್ಟೆಯಲ್ಲಿ ಸೋಸಿ, ಮರಳುವಂತೆ ಕಾಯಿಸಿ ಕುಡಿಯುವುದು, ಮನೆಯಲ್ಲಿ ಯಾವ ಯಂತ್ರವಿದ್ದರೂ, ಅಗತ್ಯವೇ.