ಚಿರತೆಗೆ ಮದ್ದು ಹೊಡೆಯುವ ಕೋವಿಗೆ ಆಸರೆ ಯಾವುದು? ಮರವೋ, ಗೋಡೆಯೋ, ನಿಮ್ಮ ಅಂಗಡಿಯ ಜೋಳದ ಚೀಲವೋ

ಐರಣಿ: ತುಂಗಭದ್ರೆಯ ದಂಡೆಯ ಈ ಭಾಗದಲ್ಲಿ ಗೋವಿನಜೋಳ ಆಳೆತ್ತರ ಬೆಳೆದ ಮೇಲೆ ಹೊಲದೊಳಗೆ ಏನು ಅಡಗಿದೆ ಅಂತ ಬದುವಿನ ಮೇಲೆ ನಿಂತವರಿಗೂ ಕಾಣುವುದಿಲ್ಲ. ಹಂದಿ ಇರಬಹುದು, ಚಿಗರಿ ಇರಬಹುದು, ಒಮ್ಮೊಮ್ಮೆ ಚಿರತೆಯೂ ಇರಬಹುದು. ಚಿರತೆ ಅಂತ ಸುದ್ದಿಯಾದರೆ ಸಾಕು, ಜನ ಸೇರುತ್ತಾರೆ. ಆಮೇಲೆ ಒಂದೇ ಪ್ರಶ್ನೆ: 'ಫಾರೆಸ್ಟ್‌ನವರು ಬಂದ್ರು, ಬಂದೂಕೂ ತಂದ್ರು, ಮತ್ಯಾಕ ಹೊಡೀವಲ್ರು?'

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಚಿರತೆಯೂ ಇದೆ, ನಮ್ಮ ರಾಣೆಬೆನ್ನೂರು ಅಭಯಾರಣ್ಯದ ಕೃಷ್ಣಮೃಗವೂ ಇದೆ. ಕೊಂದರೆ ಕನಿಷ್ಠ 3 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ ಮನೆಯಲ್ಲಿದೆ ಅಂದಮಾತ್ರಕ್ಕೆ ಇವುಗಳ ಮೇಲೆ ಎತ್ತುವ ಹಕ್ಕು ಬರುವುದಿಲ್ಲ. ಜನರ ಜೀವಕ್ಕೆ ಅಪಾಯವಾದ ಪ್ರಾಣಿಯನ್ನೂ ಮೊದಲು ಬೋನಿನಲ್ಲಿ ಹಿಡಿಯಲು ಅಥವಾ ಮದ್ದು ಕೊಟ್ಟು ಮಲಗಿಸಲು ನೋಡಬೇಕು. ಅದು ಸಾಧ್ಯವೇ ಇಲ್ಲವಾದರೆ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತವಾಗಿ ಕೊಲ್ಲಲು ಅನುಮತಿ ಕೊಡಬಹುದು. ಹೀಗಾಗಿ ಹಳೇ ಶಿಕಾರಿಯವರ ಗುರಿ ಹಿಡಿಯುವ ವಿದ್ಯೆ ಇವತ್ತು ಕಾನೂನುಬದ್ಧವಾಗಿ ಉಳಿದಿರುವುದು ಬಹುಮಟ್ಟಿಗೆ ಅರಿವಳಿಕೆ ಕೋವಿ ಹಿಡಿಯುವವರ ಕೈಯಲ್ಲಿ.

ಆ ಕೋವಿಯಿಂದ ಹಾರುವುದು ಗುಂಡಲ್ಲ, ಮದ್ದು ತುಂಬಿದ ಸಿರಿಂಜು. ಗಾಳಿಯ ಒತ್ತಡದಿಂದ ಹೊರಡುವ ಅದರ ವೇಗ ಗುಂಡಿನ ವೇಗದ ಒಂದು ಸಣ್ಣ ಪಾಲು. ಕಮಾನಿನಂತೆ ಬಾಗಿ ಹೋಗುತ್ತದೆ, ಅಡ್ಡಗಾಳಿಗೆ ಸರಿಯುತ್ತದೆ, ದಾರಿಯಲ್ಲಿ ಒಂದು ಗರಿ ತಾಗಿದರೂ ದಿಕ್ಕು ತಪ್ಪುತ್ತದೆ. ಅದಕ್ಕೇ ಇಪ್ಪತ್ತು ಮೂವತ್ತು ಮೀಟರ್ ಹತ್ತಿರ ಹೋಗಲೇಬೇಕು. ಬೀಳಬೇಕಾದದ್ದು ತೊಡೆ ಅಥವಾ ಭುಜದ ದಪ್ಪ ಮಾಂಸಕ್ಕೆ, ಅಂದರೆ ಸುಮಾರು ಒಂದು ಗೇಣು ಜಾಗಕ್ಕೆ. ಹೊಟ್ಟೆಗೋ ಎದೆಗೋ ಬಿದ್ದರೆ ಪ್ರಾಣಿ ಸಾಯಬಹುದು. ಈಗ ಲೆಕ್ಕ ಹಾಕಿ: 30 ಮೀಟರ್ ದೂರದಲ್ಲಿ ನಳಿಗೆ ಒಂದೇ ಒಂದು ಡಿಗ್ರಿ ಅಲುಗಿದರೆ ಗುರಿ ಅರ್ಧ ಮೀಟರ್ ಆಚೆ ಹೋಗುತ್ತದೆ.

ನಿಂತುಕೊಂಡು, ಬರೀ ಕೈಯಲ್ಲಿ ಹಿಡಿದರೆ ಎಂಥವರ ಕೋವಿಯೂ ಅಲುಗುತ್ತದೆ. ತೋಳಿನ ಸ್ನಾಯು ದಣಿಯುತ್ತದೆ, ಉಸಿರಿಗೆ ಎದೆ ಏರಿಳಿಯುತ್ತದೆ, ಎದೆಬಡಿತ ಕೂಡ ನಳಿಗೆಯ ತುದಿಯಲ್ಲಿ ಕಾಣುತ್ತದೆ. ಭಾರವನ್ನು ಸ್ನಾಯುವಿನ ಬದಲು ಎಲುಬಿಗೆ, ಎಲುಬಿನಿಂದ ನೆಲಕ್ಕೆ ಇಳಿಸಬೇಕು. ನೆಲಕ್ಕೆ ಬೋರಲು ಮಲಗಿದರೆ ಎಲ್ಲಕ್ಕಿಂತ ಗಟ್ಟಿ, ಆದರೆ ಗೋವಿನಜೋಳದ ಹೊಲದಲ್ಲಿ ಮಲಗಿದರೆ ದಂಟು ಬಿಟ್ಟು ಇನ್ನೇನೂ ಕಾಣದು. ಚಿರತೆ ತಿರುಗಿ ಬಿದ್ದರೆ ಏಳಲೂ ಹೊತ್ತು ಬೇಕು. ಕುಳಿತು ಎರಡೂ ಮೊಣಕೈಗಳನ್ನು ಮೊಣಕಾಲಿನ ಒಳಬದಿಗೆ ಒತ್ತಿಕೊಳ್ಳುವುದು ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ. ಒಂದು ಮಂಡಿ ಊರಿದರೆ ಇನ್ನೂ ಒಂದು ಮೆಟ್ಟಿಲು ಕಡಿಮೆ, ಅಲ್ಲೂ ಮೊಣಕೈಯ ಮೂಳೆಯನ್ನು ಮಂಡಿಚಿಪ್ಪಿನ ಮೇಲೇ ಇಟ್ಟರೆ ಜಾರುತ್ತದೆ, ತುಸು ಮುಂದಕ್ಕೆ ಇಡಬೇಕು.

ನಿಂತೇ ಹೊಡೆಯಬೇಕಾದರೆ ಮರವೋ ಗೋಡೆಯೋ ಬೇಕು. ಎಡಗೈಯನ್ನು ಮರಕ್ಕೆ ಒತ್ತಿ, ಕೋವಿಯ ಮುಂಗಟ್ಟಿಗೆಯನ್ನು ಆ ಕೈ ಮೇಲೆ ಇಡುತ್ತಾರೆ. ನಳಿಗೆಯನ್ನೇ ಕಲ್ಲಿಗೋ ಕಬ್ಬಿಣದ ಸರಳಿಗೋ ತಾಗಿಸಿದರೆ ಹೊಡೆದ ಕ್ಷಣ ಜಿಗಿದು ಗುರಿ ಕೆಡುತ್ತದೆ. ಮರ ಇಲ್ಲದ ಬಯಲಿನಲ್ಲಿ ಎದೆಯೆತ್ತರದ ಎರಡು ಬಿದಿರುಕೋಲುಗಳನ್ನು ಮೇಲ್ತುದಿಯಲ್ಲಿ ಕತ್ತರಿಯಂತೆ ಕಟ್ಟಿ ಊರಿದರೂ ನಡೆಯುತ್ತದೆ.

ಊರೊಳಗೆ ಮಾತ್ರ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಮಾಳಿಗೆಯ ಮೋಟುಗೋಡೆ, ಅದರ ಮೇಲೊಂದು ಮೆತ್ತನೆಯ ಚೀಲ. ಉಸುಕಿನ ಚೀಲ ಇದ್ದರೆ ಸೈ, ಇಲ್ಲದಿದ್ದರೆ ಅರ್ಧ ತುಂಬಿದ ಜೋಳದ ಚೀಲವೂ ಕೋವಿಯನ್ನು ತಬ್ಬಿ ಹಿಡಿಯುತ್ತದೆ. ಎತ್ತರದಿಂದ ಕೆಳಗೆ ಹೊಡೆದಾಗ ಗುರಿ ತಪ್ಪಿದ ಸಿರಿಂಜು ನೆಲಕ್ಕೆ ಹೋಗುತ್ತದೆ, ಎದುರು ಓಣಿಯ ಜನರ ಮೇಲಲ್ಲ. ಜೀಪು ಆಸರೆಯಾಗಬೇಕಾದರೆ ಎಂಜಿನ್ ಬಂದ್ ಆಗಿರಬೇಕು. ಅದರ ಮೇಲೆ ಮೊಬೈಲ್ ಹಿಡಿದು ಇಬ್ಬರು ಹತ್ತಿದರೆ ಮುಗೀತು, ಒಬ್ಬ ಕಾಲು ಬದಲಿಸಿದರೂ ನಳಿಗೆ ಅಲುಗುತ್ತದೆ.

ತಾಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮದ್ದು ಏರಲು ಐದರಿಂದ ಹದಿನೈದು ನಿಮಿಷ ಬೇಕು, ಅಲ್ಲಿತನಕ ಪ್ರಾಣಿ ಎಚ್ಚರವಾಗಿಯೇ ಇರುತ್ತದೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಭೀಮ ಎಂಬ ಕಾಡಾನೆಗೆ ಚಿಕಿತ್ಸೆಗಾಗಿ ಮದ್ದು ಹೊಡೆದ 'ಆನೆ ವೆಂಕಟೇಶ್', ಅದೇ ಆನೆ ತಿರುಗಿಬಿದ್ದು ಪ್ರಾಣ ಕಳೆದುಕೊಂಡರು. ಆ ಕೆಲಸದಲ್ಲಿ ರಾಜ್ಯದಲ್ಲೇ ಹೆಸರಾಗಿದ್ದವರು ಅವರು. ಅದೇ ವರ್ಷ ನವೆಂಬರ್ 1ರಂದು ಬೆಂಗಳೂರಿನ ಕೂಡ್ಲು ಬಳಿ ಸೆರೆ ಕಾರ್ಯಾಚರಣೆಯ ನಡುವೆ ಚಿರತೆ ಸಿಬ್ಬಂದಿಯ ಮೇಲೆ ಎರಗಿ, ಕೊನೆಗೆ ಗುಂಡೇಟಿಗೆ ಸತ್ತಿತು.

ಚಿರತೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಅಂಗಡಿಯವರು ಶಟರ್ ಎಳೆದು ಗಿರಾಕಿಗಳನ್ನು ಒಳಗೇ ಕೂರಿಸಿಕೊಳ್ಳಿ, ಹೊರಗಿನ ಜನರೇಟರ್, ಸ್ಪೀಕರ್ ಬಂದ್ ಮಾಡಿ. ಸಿಬ್ಬಂದಿ ಬಂದು ಮಾಳಿಗೆಯ ಬೀಗ ಕೇಳಿದರೆ ತೆಗೆದು ಕೊಟ್ಟು ನೀವು ಕೆಳಗಿಳಿದುಬಿಡಿ. ಚೀಲ ಕೇಳಿದರೆ ಅದನ್ನೂ ಕೊಡಿ.