ಗೂಡು ನೋಡಿ, ಮುಟ್ಟುವಾಗ ಎಚ್ಚರವಿರಲಿ

ಯುಗಾದಿಯ ಹೊತ್ತಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಬಂದಿದ್ದ ಪಟ್ಟೆತಲೆ ಬಾತುಗಳು ಹಿಮಾಲಯ ದಾಟಿ ಮರಳುತ್ತವೆ. ಅವು ಗೂಡು ಕಟ್ಟುವುದು ಟಿಬೆಟ್, ಮಂಗೋಲಿಯಾ ಕಡೆ. ನಮ್ಮ ಊರಿನ ಹಕ್ಕಿಗಳಿಗೆ ಆಗ ಇಲ್ಲೇ ಬಾಣಂತನ. ತಿ. ನರಸೀಪುರದ ಕಡೆಯ ಹೊಲಗಳಲ್ಲಿ ಟಿಟ್ಟಿಭ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಸೂರಕ್ಕಿ ಜಗಲಿಯ ತಂತಿಗೆ ಗೂಡು ನೇತುಹಾಕುತ್ತದೆ. ಬೆಳಗಿನ ತಂಪಿನಲ್ಲಿ ಮಕ್ಕಳೊಡನೆ ಇವನ್ನು ನೋಡುತ್ತ ನಡೆಯುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡವಿರುವ ಹಿರಿಯರಿಗೂ ಒಳ್ಳೆಯದು.

ಗೂಡಿನಿಂದ ಬಿದ್ದ ಮರಿ ಕಂಡರೆ ಮಕ್ಕಳು ಮನೆಗೆ ತರುತ್ತಾರೆ. ಪುಕ್ಕ ಬಂದ ಮರಿಯಾದರೆ ಅದು ಹಾರಲು ಕಲಿಯುತ್ತಿರುತ್ತದೆ, ತಾಯಿ ಹತ್ತಿರದಲ್ಲೇ ಇರುತ್ತದೆ. ಬೆಕ್ಕು, ನಾಯಿ ಬಾರದಂತೆ ನೋಡಿಕೊಂಡರೆ ಸಾಕು. ಪುಕ್ಕ ಬಾರದ ಮರಿಯನ್ನು ಬಟ್ಟೆಯಲ್ಲಿ ಹಿಡಿದು ಗೂಡಿಗೇ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ. ಬಾಯಿಗೆ ನೀರು, ಹಾಲು ಹಾಕಬೇಡಿ. ಶ್ವಾಸನಾಳಕ್ಕೆ ಹೋಗಿ ಮರಿ ಸಾಯುತ್ತದೆ. ನಂತರ ಸೋಪು ಹಚ್ಚಿ ಕೈ ತೊಳೆಯಿರಿ.

ಸತ್ತ ಅಥವಾ ತೂಕಡಿಸುವ ಹಕ್ಕಿಯ ವಿಷಯವೇ ಬೇರೆ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಹಾಗೆಂದು ಸತ್ತ ಹಕ್ಕಿಗಳೆಲ್ಲ ಹಕ್ಕಿಜ್ವರದವಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ 2017-18ರಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ಸತ್ತಾಗ ಕಾರಣವಾಗಿ ಕಂಡುಬಂದದ್ದು ಮೀನಿನಿಂದ ಹೊಟ್ಟೆ ಸೇರುವ ಜಂತುಹುಳು. ಆದರೆ ನೋಡಿದ ಮಾತ್ರಕ್ಕೆ ಯಾವುದು ಎಂದು ಹೇಳಲಾಗದು. ಹಕ್ಕಿಜ್ವರದ ವೈರಸ್ಸು ಹಕ್ಕಿಯ ಜೊಲ್ಲು, ಸಿಂಬಳ, ಹಿಕ್ಕೆಯಲ್ಲಿರುತ್ತದೆ. ಮನುಷ್ಯರಿಗೆ ತಗಲುವುದು ಅಪರೂಪ; ತಗಲಿದರೆ ಮಾತ್ರ ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಅಂಥ ಹಕ್ಕಿಯನ್ನು ಮುಟ್ಟದೆ ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ. ಈಗಾಗಲೇ ಮುಟ್ಟಿದ್ದು, ಹತ್ತು ದಿನಗಳೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಅಥವಾ ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ. ಹಕ್ಕಿ ಮುಟ್ಟಿದ ಸಂಗತಿಯನ್ನು ನೀವಾಗಿಯೇ ಹೇಳಿ. ಅದನ್ನು ಹೇಳದಿದ್ದರೆ ಅವರು ಸಾಮಾನ್ಯ ಫ್ಲೂ ಎಂದುಕೊಳ್ಳುವುದು ಸಹಜ.

ಪಾರಿವಾಳ ಗೂಡು ಮಾಡಿದ ಸಜ್ಜೆಯ ಒಣಹಿಕ್ಕೆಯನ್ನು ಹಾಗೆಯೇ ಗುಡಿಸಬಾರದು. ಆ ಧೂಳು ಅಸ್ತಮಾ ಇರುವವರಿಗೆ ಬಹಳ ತೊಂದರೆ ಕೊಡುತ್ತದೆ. ನೀರು ಚಿಮುಕಿಸಿ, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಿರಿ.

ಇನ್ನು ಕಾಗೆ. ಗೂಡಿನಲ್ಲಿ ಮರಿಯಿದ್ದಾಗ ಅದು ದಾರಿಹೋಕರ ತಲೆಗೆ ಕುಕ್ಕುವುದುಂಟು. ಅದಕ್ಕೆ ಶನಿಶಾಂತಿ ಮಾಡಿಸಬೇಕಿಲ್ಲ, ಮರಿ ಹಾರುವವರೆಗೆ ಕೆಲವು ವಾರ ಕೊಡೆ ಹಿಡಿದು ಓಡಾಡಿ. ರಕ್ತ ಬಂದಿದ್ದರೆ ಗಾಯವನ್ನು ಸೋಪುನೀರಿನಲ್ಲಿ ತೊಳೆದು, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.